ಸದ್ದು ಮಾಡದ ಡಬ್ಬಿ

ಊರು ಇನ್ನೂ ಮಗ್ಗುಲು ಬದಲಿಸುತ್ತಿದೆ. ಬೇಕರಿಯ ಹಿಂಬದಿಯಲ್ಲಿ ಮೇಸ್ತ್ರಿಗೆ ಆಗಲೇ ಮೊಣಕೈವರೆಗೂ ಹಿಟ್ಟು. ನಾದುವುದು, ಎತ್ತಿ ಬಡಿಯುವುದು, ಮತ್ತೆ ನಾದುವುದು. ಪಕ್ಕದಲ್ಲಿ ಒಲೆ ನೋಡಿಕೊಳ್ಳುವ ಗುಂಡ, ಕೈಗಿಂತ ಬಾಯಿ ಜೋರು. ಬೆಳಕು ಹರಿಯುವಷ್ಟರಲ್ಲಿ ನಾನೂರು ಬ್ರೆಡ್ಡು ಅಂಗಡಿ ಸೇರಬೇಕು. ಅದನ್ನು ಮಾಡಿದವರು ಯಾರೆಂದು ತಿನ್ನುವವರಿಗೆ ಗೊತ್ತಿಲ್ಲ. ಹಾಗೇ ಇರಲಪ್ಪ ಅಂತಲೇ ಮೇಸ್ತ್ರಿ ದಿನಾ ಬೇಡಿಕೊಳ್ಳುತ್ತಾರೆ.

ಗುಂಡ ನೀರು ತರಲು ಆಚೆ ಹೋದಾಗ, ಪತ್ರಿಕೆಗೆ ಬರೆಯಲು ಬಂದ ನನಗೆ ಮೇಸ್ತ್ರಿ ಹೇಳುತ್ತಾರೆ: "ಫೋಟೋ ಬೇಡ ಸಾರ್. ಬರೀ ಕೈದೂ ಬೇಡ. ಈ ಸುಟ್ಟ ಕಲೆ ನೋಡಿದ್ರೆ ಸಾಕು, ಬೀದಿಯವರೆಲ್ಲ ನಮ್ಮ ಮೇಸ್ತ್ರಿ ಅಂದುಬಿಡ್ತಾರೆ."

ಎಂಟು ವರ್ಷದಿಂದ ಅವರಿಗೆ ಎಚ್‌ಐವಿ ಇದೆ. ದಿನಕ್ಕೊಂದು ಮಾತ್ರೆ ತಪ್ಪಿಸದ ಕಾರಣ ಈಗ ಪರೀಕ್ಷೆಯಲ್ಲಿ ವೈರಸ್ಸು ಕಾಣಿಸುವುದೇ ಇಲ್ಲ. ಬ್ರೆಡ್ಡಿನಿಂದಂತೂ ಅದು ಯಾರಿಗೂ ಅಂಟುವುದಿಲ್ಲ. ಡಾಕ್ಟರು ಇದನ್ನೆಲ್ಲ ಬಿಡಿಸಿ ಹೇಳಿದ್ದಾರೆ. ಜನರಿಗೆ ಹೇಳಿದವರಿಲ್ಲ.

ಹಳೇ ಬೇಕರಿಯಲ್ಲಿ ಸುದ್ದಿ ಹೇಗೋ ಜನರ ಬಾಯಿಗೆ ಬಿದ್ದಿತ್ತು. "ನಾದಿಟ್ಟ ಹಿಟ್ಟನ್ನೆಲ್ಲ ಚರಂಡಿಗೆ ಸುರಿದ್ರು. ನನ್ನ ಲೋಟಾನ ಇಕ್ಕಳದಲ್ಲಿ ಎತ್ತಿ ಆಚೆ ಎಸೆದ್ರು. ಅಲ್ಲೀವರೆಗೂ ಬಾಯ್ತುಂಬ ಅಣ್ಣಾ ಅಂತಿದ್ದೋರು ಸಾರ್ ಅವರು." ಸ್ವಂತ ತಮ್ಮ ಹೊಸ್ತಿಲಲ್ಲೇ ಮಾತಾಡಿಸಿ ಕಳಿಸಿದ. ಒಳಗೆ ಕರೆದದ್ದು ಅಕ್ಕ ಒಬ್ಬಳೇ. ಈಗಲೂ ಅವಳ ಮನೆಯ ಮಹಡಿ ಕೋಣೆಯಲ್ಲೇ ವಾಸ.

ತಿಂಡಿಯಾದ ಮೇಲೆ ಮಾತ್ರೆ ನುಂಗಬೇಕು, ಆ ಹೊತ್ತಿಗೆ ಕೆಲಸದಲ್ಲಿರುತ್ತಾರೆ. ಹಾಗಾಗಿ ಇಲ್ಲಿ ಸೇರಿದಾಗ ಅವನ್ನು ಗ್ಯಾಸ್ ಮಾತ್ರೆಯ ಡಬ್ಬಿಗೆ ಸುರಿದು, ಗಲಗಲ ಅನ್ನದಿರಲೆಂದು ಹತ್ತಿ ತುರುಕಿಕೊಂಡರು. ಹೊಟ್ಟೆ ಉರಿ ಅಂದರೆ ಯಾರೂ ಕೆದಕುವುದಿಲ್ಲವಲ್ಲ. ಆದರೆ ಗುಂಡನಿಗೂ ಹೊಟ್ಟೆ ಇದೆ ಅನ್ನುವುದು ಹೊಳೆದಿರಲಿಲ್ಲ. ಒಂದು ಬೆಳಗ್ಗೆ ಅವನು ಎದೆ ಉಜ್ಜಿಕೊಳ್ಳುತ್ತ ಬಂದು, ಮೊಳೆಗೆ ನೇತುಹಾಕಿದ್ದ ಇವರ ಅಂಗಿಯ ಜೇಬಿಗೆ ಕೈ ಹಾಕಿಯೇಬಿಟ್ಟ.

"ಒಂದು ತಗೊಳ್ತೀನಿ ಮೇಸ್ತ್ರಿ. ನಿನ್ನೆ ಜಾಸ್ತಿ ತಿಂದುಬಿಟ್ಟೆ."

"ಅದು ನಿನಗೆ ಆಗಲ್ಲ ಕಣೋ, ಇಡು."

"ಯಾಕೆ, ನಿನ್ನ ಗ್ಯಾಸೇನು ಫಾರಿನ್ನಿಂದ ಬಂದಿದ್ದಾ?"

ಅಷ್ಟರಲ್ಲಿ ಮುಚ್ಚಳ ತೆಗೆದು ಹತ್ತಿ ಎಳೆದಾಗಿತ್ತು.  ಮೇಸ್ತ್ರಿ ಹಿಟ್ಟಿನ ಕೈಯಲ್ಲೇ ಡಬ್ಬಿ ಕಿತ್ತುಕೊಂಡು, ಡೇಟು ಮುಗಿದಿದೆ ಅಂದರು. ಮತ್ತೆ ನೀನ್ಯಾಕೆ ನುಂಗ್ತೀಯ ಅಂತ ಗುಂಡ ಕೇಳಿದ. ಆಗಲೇ ಒಲೆಯಿಂದ ಸೀದ ವಾಸನೆ ಬಂತು, ಗುಂಡ ಓಡಿದ. "ಅವತ್ತು ಸೀದ ಬ್ರೆಡ್ಡೇ ನನ್ನ ಉಳಿಸಿದ್ದು ಸಾರ್."

ಈಗ ಜೇಬಿನ ಡಬ್ಬಿಯಲ್ಲಿ ನಿಜವಾದ ಗ್ಯಾಸ್ ಮಾತ್ರೆ, ಗುಂಡನಿಗೆಂದೇ. ತಮ್ಮ ಮಾತ್ರೆ ಸೊಂಟದಲ್ಲಿ, ಬಟ್ಟೆಯ ಗಂಟಿನೊಳಗೆ. ಗಂಟು ಇದೆಯೋ ಬಿದ್ದಿತೋ ಎಂದು ಮಾತಾಡುವಾಗಲೂ ಸೊಂಟ ಮುಟ್ಟಿ ನೋಡಿಕೊಳ್ಳುತ್ತಿರುತ್ತಾರೆ.

ಮೊದಲ ಬ್ರೆಡ್ಡು ಒಲೆಯಿಂದ ಈಚೆ ಬರುತ್ತದೆ. ಗುಂಡ ಊದಿ ಊದಿ ಒಂದು ತುತ್ತು ಕಚ್ಚಿ, ಉಳಿದದ್ದನ್ನು ಮೇಸ್ತ್ರಿಯ ಕೈಗೆ ತುರುಕುತ್ತಾನೆ. ದಿನಾ ಹೀಗೇ ಅಂತೆ. ಮೇಸ್ತ್ರಿ ಮಾತ್ರ ತಾವು ಕಚ್ಚಿದ್ದನ್ನು ಅವನಿಗೆ ಒಮ್ಮೆಯೂ ಕೊಟ್ಟಿಲ್ಲ.

ಗುಂಡ ಟ್ರೇ ಹೊತ್ತು ಅಂಗಡಿ ಕಡೆ ಹೋದ ಮೇಲೆ ಹೇಳುತ್ತಾರೆ: "ಒಂದಲ್ಲ ಒಂದಿನ ಅವನಿಗೆ ಗೊತ್ತಾಗುತ್ತೆ. ಅವತ್ತು ನಾನು ಕಚ್ಚಿ ಕೊಟ್ಟಿದ್ದನ್ನ ಅವನು ತಿಂದ್ರೆ ಸಾಕು ಸಾರ್. ಒಂದು ತುತ್ತು."