ಆಕಾಶಕ್ಕೆ ಹೊಡೆದ ಗುಂಡು

ಹೋದ ವಾರ ಪಕ್ಕದ ಮನೆಯ ಅತ್ತಿಗೆ, ಅಂದರೆ ನಮ್ಮ ದೊಡ್ಡಪ್ಪನ ಸೊಸೆ, ಅಟ್ಟ ಗುಡಿಸುವಾಗ ಸಿಕ್ಕಿತೆಂದು ಒಂದು ಎಣ್ಣೆ ಡಬ್ಬಿ ತಂದುಕೊಟ್ಟಳು. ಹೊಲಿಗೆ ಯಂತ್ರಕ್ಕೆ ಬಿಡುವ ಎಣ್ಣೆಯದು, ಮೂತಿ ಸೊಟ್ಟಗಿತ್ತು. ಮುಚ್ಚಳ ತೆಗೆದು ಮೂಸಿದ್ದೇ ತಡ, ನನಗೆ ಪಿತ್ತ ನೆತ್ತಿಗೇರಿತು. ಡಬ್ಬಿ ನಮ್ಮ ಅಮ್ಮನದು. ವರ್ಷಗಳ ಹಿಂದೆ ಒಂದು ಬೆಳಿಗ್ಗೆ ದೊಡ್ಡಪ್ಪ ತನ್ನ ಕೋವಿಗೆ ಹಾಕಬೇಕೆಂದು ಅದನ್ನು ಇಸಿದುಕೊಂಡು ಹೋಗಿದ್ದ. ಅಂದು ಸಂಜೆ ಅದೇ ಕೋವಿಯ ಗುಂಡು ಅಮ್ಮನ ಬಲ ಮೊಣಕೈಯನ್ನು ಒಡೆಯಿತು.

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ಯಾರು ಮಾಡಿದ ನಿಯಮವೋ! ಅವರಿಗೆ ನನ್ನ ದೊಡ್ಡಪ್ಪನಂಥ ದೊಡ್ಡಪ್ಪ ಇರಲಿಲ್ಲವೆಂದು ಕಾಣುತ್ತದೆ.

ಅವನು ಒಳ್ಳೆಯವನೇ. ಅದೇ ನನ್ನ ಸಂಕಟ. ಶಿಕಾರಿಪುರದ ಸಂತೆಯಿಂದ ಬರುವಾಗ ಮಂಡಕ್ಕಿಯ ಪೊಟ್ಟಣ ತನ್ನ ಮಕ್ಕಳಿಗಿಂತ ಮೊದಲು ನನ್ನ ಕೈಗೆ ಕೊಡುತ್ತಿದ್ದ. ಸ್ನಾನ, ಲಿಂಗಪೂಜೆ ಆಗದೆ ನೀರು ಮುಟ್ಟುತ್ತಿರಲಿಲ್ಲ. ದಾರಿಯಲ್ಲಿ ಇರುವೆ ಸಾಲು ಕಂಡರೆ ದಾಟಿ ಕಾಲಿಡುತ್ತಿದ್ದ. ಅಂಥವನ ಮೆಕ್ಕೆಜೋಳಕ್ಕೆ ಕಾಡುಹಂದಿ ಬಿದ್ದವು. ಅಂಜನಾಪುರದ ಕಾಲುವೆ ನೀರು ಕುಡಿದು ತೆನೆ ತುಂಬಿಕೊಂಡ ಹೊಲವನ್ನು ಉತ್ತಂತೆ ಮಾಡಿ ಹೋಗುತ್ತಿದ್ದವು. ಕಚೇರಿಗೆ ಅಲೆದೂ ಅಲೆದೂ ಬೆಳೆ ಕಾಯಲು ಪರವಾನಗಿ ಮಾಡಿಸಿಕೊಂಡ. ಸೊರಬದ ಕಡೆ ಒಬ್ಬ ಅಜ್ಜ ಕಣ್ಣು ಮಂಜಾಗಿ ತಮ್ಮ ಹಳೆಯ ರೈಫಲ್ ಮಾರುತ್ತಾರೆಂದು ಗೊತ್ತಾಯಿತು. "ನೀನೂ ಬಾರವ್ವ, ಸೊರಬ ನೋಡ್ದಂಗಾಗ್ತತಿ" ಎಂದು ನನ್ನನ್ನೂ ಕರೆದುಕೊಂಡು ಹೋದ.

ಆ ಕೋವಿಯ ಕುದುರೆಯ, ಅಂದರೆ ಬೆರಳಿಟ್ಟು ಎಳೆಯುವ ಕೊಕ್ಕೆಯ, ಸುತ್ತ ಕಬ್ಬಿಣದ ಒಂದು ದೊಡ್ಡ ಬಳೆ ಇತ್ತು. ಬಳೆಯನ್ನು ಕೆಳಗೆಳೆದು ಮೇಲಕ್ಕೆ ತಳ್ಳಿದರೆ ಖಾಲಿ ತೋಟಾ ಹೊರಗೆ ಹಾರಿ ಹೊಸದು ಒಳಗೆ ಕೂರುತ್ತಿತ್ತು. ಅಜ್ಜ ಮಣ್ಣಿನ ದಿಬ್ಬದ ಮುಂದೆ ತೆಂಗಿನ ಚಿಪ್ಪು ಇಟ್ಟು ಹೊಡೆದು ತೋರಿಸಿದರು. ಆಮೇಲೆ ದೊಡ್ಡಪ್ಪ ಹೊಡೆದ. ಚಿಪ್ಪು ಇದ್ದಲ್ಲೇ ಇತ್ತು, ದೊಡ್ಡಪ್ಪ ಮಾತ್ರ ಹೆಗಲು ಹಿಡಿದುಕೊಂಡು ನೆಲಕ್ಕೆ ಕೂತಿದ್ದ. ಕೂತಲ್ಲೇ ಹೊಟ್ಟೆ ಹಿಡಿದು ನಕ್ಕ. ನಾನೂ ನಕ್ಕೆ. ಆ ನಗು ನೆನಪಾದರೆ ಈಗಲೂ…

ಅಜ್ಜ ನಗಲಿಲ್ಲ. "ಮಾರಾಯ್ರೆ, ಇದು ಚರೆ ಕೋವಿ ಅಲ್ಲ. ಗುಂಡು ಬಾಳ ದೂರ ಹೋಗ್ತದೆ. ಹಿಂದೆ ದಿಬ್ಬ ಇಲ್ದೆ ಹೊಡೀಬೇಡಿ" ಎಂದರು.

"ನಾ ಏನ್ ಹಂದಿಗೆ ಹೊಡಿಯಾಕೆ ಹೊಂಟೀನೇನ್ರೀ? ಶಿವಶಿವಾ! ಆಕಾಶಕ್ಕೆ ಹೊಡಿತೀನಿ. ಸದ್ದಿಗೇ ಓಡ್ತಾವೆ."

"ಸಿಕ್ಕಿಕೊಂಡು ನಿಲ್ಲೋಕೆ ಆಕಾಶದಲ್ಲಿ ಗೂಟ ಹೊಡೆದಿಲ್ಲ ಮಾರಾಯ್ರೆ. ಕೆಳಗೆ ಬಂದೇ ಬರ್ತದೆ."

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಕೋವಿ ಕೊಂಡು ಬಸ್ಸಿನಲ್ಲಿ ಬರುವಾಗ ದೊಡ್ಡಪ್ಪ, "ಹಂದಿ ಕೊಂದವರಿಗೆ ಅಂಜಿಕಿ ಇರ್ಬೇಕು, ನಮಗೇನು?" ಎಂದ. ಪಾಪ ಮಾಡದವನಿಂದ ಯಾರಿಗೂ ಕೇಡಾಗುವುದಿಲ್ಲ ಎಂದು ಅವನು ನಂಬಿದ್ದ. ಅಷ್ಟೇ ಅವನ ಲೆಕ್ಕ!

ಆಮೇಲೆ ದಿನಾ ಸಂಜೆ ಹೊಲದ ಬದುವಿನ ಮೇಲೆ ನಿಂತು, ಕೋವಿಯನ್ನು ಓರೆಯಾಗಿ ಮೇಲಕ್ಕೆ ಹಿಡಿದು ಹೊಡೆಯುತ್ತಿದ್ದ. ಕಾಲುವೆಯ ಆಚೆ ತನ್ನ ತಮ್ಮನ ಕಣ ಇದೆ, ಅಲ್ಲಿ ಜನ ಇರುತ್ತಾರೆ ಎಂದು ಅವನಿಗೆ ಗೊತ್ತಿರಲಿಲ್ಲವೇ? ಆ ಸಂಜೆ ಕಣದಲ್ಲಿ ಅಮ್ಮ, ನಾನು ತೆನೆ ಸುಲಿಯುತ್ತಿದ್ದೆವು. ಸದ್ದು ಕೇಳಿತು. "ಅಗಾ, ಭಾವಾರು ಸುರು ಹಚ್ಕಂಡ್ರು" ಎಂದು ಅಮ್ಮ ನಕ್ಕು ಇನ್ನೊಂದು ತೆನೆಗೆ ಕೈ ಚಾಚಿದಳು. ಆ ಕೈ ಹಾಗೇ ಜೋತುಬಿತ್ತು. ಜೋಳದ ರಾಶಿ ಕೆಂಪಾಯಿತು. ನಾನು ಕಿರುಚಿದ್ದು ಕಾಲುವೆಯಾಚೆಗೂ ಕೇಳಿತಂತೆ.

ಓಡಿಬಂದವನು ಅವನೇ, ಟವೆಲ್ ಬಿಗಿದು ಟ್ರ್ಯಾಕ್ಟರಿನಲ್ಲಿ ಆಸ್ಪತ್ರೆಗೆ ಸಾಗಿಸಿದವನೂ ಅವನೇ. ಪೊಲೀಸರಿಗೆ "ನಾನೇ ಹೊಡೆದದ್ದು" ಎಂದ, ಕೋವಿ ಒಪ್ಪಿಸಿದ. ಎಲ್ಲ ಸರಿ. ಆದರೆ ಅಮ್ಮ ಮನೆಗೆ ಬಂದ ದಿನ ಅವಳ ಮಂಚದ ಬಳಿ ನಿಂತು ಅಂದದ್ದೇನು? "ನಾ ಯಾರಿಗೂ ಗುರಿ ಇಟ್ಟಿರ್ಲಿಲ್ಲ, ತಂಗಿ." ಸಾಯುವವರೆಗೂ ಅದೊಂದೇ ಮಾತು. ದಿನಾ ಹಾಲು ಕಳಿಸಿದ, ಹೊಸ ಬೆಲ್ಲ ಕಳಿಸಿದ. ತಪ್ಪಾಯ್ತು ಎನ್ನಲಿಲ್ಲ.

ಊರಿನ ಅರ್ಧ ಹೆಂಗಸರ ರವಿಕೆ ಹೊಲಿಯುತ್ತಿದ್ದ ಕೈ ಅದು. ಮೊಣಕೈ ಮಡಚದೆ ಮರದ ತುಂಡಿನಂತಾಯಿತು. ನಾನು ಕಾಲೇಜು ಬಿಟ್ಟು ಯಂತ್ರದ ಮುಂದೆ ಕೂತೆ. ಒಮ್ಮೆ ತಡೆಯಲಾರದೆ ಅವನನ್ನು ಅಂಗಳದಲ್ಲೇ ನಿಲ್ಲಿಸಿ ಕೇಳಿದೆ: "ದೊಡ್ಡಪ್ಪ, ಸೊರಬದ ಅಜ್ಜ ಹೇಳಿದ್ರು, ನಾನೂ ಕೇಳಿಸ್ಕಂಡಿದ್ದೆ. ತಪ್ಪಾತು ಅನ್ನು, ಸಾಕು." ಅವನು ತಲೆ ತಗ್ಗಿಸಿ, "ಹಂದಿನೂ ಕೊಲ್ದವ ನಾನು…" ಎನ್ನುತ್ತಾ ಒಳಗೆ ಹೋಗಿಬಿಟ್ಟ.

ಮೊನ್ನೆ ಬೇಸಿಗೆಯಲ್ಲಿ ತೀರಿಕೊಂಡ. ವಿಭೂತಿ ಹಚ್ಚಿ ಕೂರಿಸಿದ ಅವನ ಮುಂದೆ ಊರೆಲ್ಲ, "ಇರುವೆಗೂ ನೋವು ಮಾಡಿದವರಲ್ಲ" ಎಂದಿತು. ಪಕ್ಕದಲ್ಲೇ ಅಮ್ಮ ಎಡಗೈಯಲ್ಲಿ ಬಿಲ್ವಪತ್ರೆ ಹಿಡಿದು ನಿಂತಿದ್ದಳು. ನನಗೆ ಮೈಯೆಲ್ಲ ಉರಿಯಿತು. ಕಣ್ಣಲ್ಲಿ ನೀರೂ ಬಂತು.

ಈಗ ಈ ಡಬ್ಬಿ. ಅತ್ತಿಗೆ ಹೇಳಿದಳು, ಅದನ್ನು ರಕ್ತದ ಕಲೆ ಇದ್ದ ಟವೆಲಿನಲ್ಲಿ ಸುತ್ತಿಟ್ಟಿದ್ದನಂತೆ. "ಮಾವಾರು ಯಾರಿಗೂ ಮುಟ್ಟಗೊಡ್ತಿರ್ಲಿಲ್ಲ. ಆಗಾಗ ಒಬ್ರೇ ತೆಗೆದು ನೋಡಿ ಮತ್ತೆ ಇಡ್ತಿದ್ರು."

ಹಾಗಾದರೆ ತಪ್ಪು ತನ್ನದೆಂದು ಅವನಿಗೆ ಗೊತ್ತಿತ್ತು! ಅಷ್ಟು ವರ್ಷವೂ ಗೊತ್ತಿತ್ತು. ಒಂದು ಗೋಡೆ ದಾಟಿ ಬಂದು ಹೇಳಲು ಏನು ಕೇಡಾಗಿತ್ತು?

ಎಸೆಯಲು ಹೊರಟೆ. ಅಮ್ಮ ತಡೆದಳು. "ಎಣ್ಣಿ ಏನು ಮಾಡ್ತವ್ವ? ಯಂತ್ರ ಕಿರಗುಟ್ಟಾಕತ್ತೈತಿ, ಎರಡ್ ಹನಿ ಬಿಡು." ಬಿಟ್ಟೆ. ನಾನು ಕಾಲಿಂದ ತುಳಿದೆ, ಅವಳು ಎಡಗೈ ಚಾಚಿ ಚಕ್ರ ತಿರುಗಿಸಿದಳು. ಸದ್ದಿಲ್ಲದೆ ಓಡಿತು. ಎದ್ದು ಹೋಗಿ ಗೋಡೆಯಾಚೆ ಇಣುಕಿದೆ, ಎರಡು ಮಾತು ಬೈದು ಬರೋಣ ಎಂದು. ಅವನು ಕೂರುತ್ತಿದ್ದ ಕಟ್ಟೆಯ ಮೇಲೆ ಅತ್ತಿಗೆ ಮೆಣಸಿನಕಾಯಿ ಒಣಹಾಕಿದ್ದಳು.