ಹಿಂದೆ ಕಟ್ಟದ ಕಾರು

ಚಳಿಗಾಲ ಕಳೆಯಲೆಂದು ಅಡುಗೆಮನೆ, ಹಾಸಿಗೆಯೆಲ್ಲ ಇರುವ ಮನೆವಾಹನಗಳಲ್ಲಿ ಅಮೆರಿಕದ ಅರಿಜೋನಾ ಮರುಭೂಮಿಗೆ ಬರುವ ನಮ್ಮಂಥ ನಿವೃತ್ತರ ಪ್ರತಿ ಶಿಬಿರದಲ್ಲೂ ಒಬ್ಬ ವರ್ಲಿನ್ ಇರುತ್ತಾನೆ. ತನ್ನ ಪುಟ್ಟ ಮನೆವಾಹನದ ಹಿಂದೆ ಊರೊಳಗಿನ ಓಡಾಟಕ್ಕೆಂದು ಕಾರೊಂದನ್ನು ಕಟ್ಟಿ ಎಳೆಯಬೇಕೋ ಬೇಡವೋ ಎಂಬುದು ನಮ್ಮ ಶಿಬಿರದ ವರ್ಲಿನ್‌ಗೆ ವರ್ಷಗಳಿಂದ ಬಗೆಹರಿಯದ ತತ್ತ್ವಪ್ರಶ್ನೆ. ಕಾಫಿ ಲೋಟ ಹಿಡಿದು ಕಂಡವರ ಕಾರಿನ ಕೊಂಡಿಗಳ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಾನೆ. ಏರಿನಲ್ಲಿ ಎಂಜಿನ್ ಏದುಸಿರು ಬಿಡುತ್ತದೆ, ಇಳಿಜಾರಿನಲ್ಲಿ ಬ್ರೇಕ್ ಹಿಡಿಯದು, ರಿವರ್ಸ್ ಅಂತೂ ಆಗದ ಮಾತು ಎಂದು ಉಪನ್ಯಾಸ ಕೊಡುತ್ತಾನೆ. ಹೀಗಾಗಿ ಹಾಲು ಮುಗಿದರೆ ಅವನ ಇಡೀ ಮನೆಯೇ ಅಂಗಡಿಗೆ ಹೊರಡುತ್ತದೆ: ನೀರಿನ ಪೈಪು ಕಳಚಿಕೊಂಡು, ನೆರಳಿನ ಬಟ್ಟೆ ಸುತ್ತಿಕೊಂಡು, ಅರೆಬೆಂದ ಬೀನ್ಸಿನ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡ ಹೆಂಡತಿ ಆರ್ಡಿತ್‌ಳನ್ನು ಹೊತ್ತುಕೊಂಡು. "ಒಂದ್ ಹಳೇ ಕಾರಾದ್ರೂ ಕಟ್ಕೊಳ್ಳೋ ಮಾರಾಯ, ಪಾಪ, ಅವಳು ತಂಗಿ ಮನೆಗಾದ್ರೂ ಹೋಗ್ಬರ್ತಾಳೆ," ಎಂದು ನಾವು ಛೇಡಿಸಿದರೆ, "ಭಾರ ತಡೆಯಲ್ಲ ಕಣ್ರೋ," ಎನ್ನುತ್ತಾನೆ. ಈ ವರ್ಷ ಶಿಬಿರ ಬಿಟ್ಟು ಹೊರಟಿದ್ದ ನೊರೀನ್ ಎಂಬ ವಿಧವೆ ತನ್ನ ಹಗುರವಾದ ಕಾರನ್ನು ಕೊಂಡಿಯ ಸಮೇತ ಬಿಟ್ಟಿಯಾಗಿ ಕೊಡಲು ಬಂದಳು. ಆರ್ಡಿತ್ ಕೀಲಿಗೆ ಕೈಚಾಚಿದಳು. ಭಾರ, ಬ್ರೇಕು ಯಾವುದರ ಮಾತೂ ಎತ್ತದೆ ವರ್ಲಿನ್ ಹೆಂಡತಿಯ ಮುಖವನ್ನೇ ನೋಡುತ್ತ ಮೆಲ್ಲಗೆ ಕೇಳಿದ: "ಹೋದ್ರೆ ವಾಪಸ್ ಬರ್ತೀಯೇನೇ?" ಆರ್ಡಿತ್ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಳ್ಳಲಿಲ್ಲ.