ಕ್ಯಾಪ್ಟನ್ ಮಪ್ಪಿಯಾಸೆ ಹೆಡ್‌ಸೆಟ್ ಕೊಳ್ಳಲು ಹೋದದ್ದು

ಕ್ಯಾಪ್ಟನ್ ಮಪ್ಪಿಯಾಸೆಯವರಿಗೆ ಯಾರ ಮೇಲೂ ನಂಬಿಕೆ ಇರಲಿಲ್ಲ ಎಂದರೆ ತಪ್ಪಾದೀತು. ತಮ್ಮ ಮೇಲೆ ಇತ್ತು. ಉಳಿದವರನ್ನು ಮಾತ್ರ ಮೇಲಿಂದ ಕೆಳಗೆ ಒಂದು ಸಲ ನೋಡಿಕೊಂಡೇ ಮಾತಾಡಿಸುತ್ತಿದ್ದರು. ಕೊತೊ ಎಂಬ ಮಾಂಸದ ಸಾರು ಮಾರುವ ಅಂಗಡಿಯವನು ಬಿಸಿ ಬಟ್ಟಲು ಮುಂದಿಟ್ಟರೆ ಚಮಚದಿಂದ ಕಲಕಿ, ತಾವು ಹೇಳಿದ ಮಾಂಸವೇ ಬಿದ್ದಿದೆಯೋ ಇಲ್ಲವೋ ಎಂದು ನೋಡಿದ ಮೇಲೆಯೇ ತುತ್ತು. ವಿಮಾನಕ್ಕೆ ಇಂಧನ ತುಂಬಿದವನು ಇಷ್ಟಾಯಿತು ಎಂದರೆ ಇವರು ಇಳಿದುಹೋಗಿ ಮೀಟರು ನೋಡಿಬರಬೇಕು. ವಿಮಾನ ಹಾರಿಸುವವನಿಗೆ ಇದು ಒಳ್ಳೆಯ ಗುಣವೇ. ಮಕಾಸ್ಸರಿನಿಂದ ಕೆಂಡಾರಿ, ತೆರ್ನಾತೆ, ಸೊರೊಂಗ್ ಎಂದು ಊರಿಂದೂರಿಗೆ ಮೂವತ್ತು ವರ್ಷ ಹಾರಿ, ಅದರಲ್ಲಿ ಹದಿನೆಂಟು ವರ್ಷ ಕ್ಯಾಪ್ಟನ್ನಾಗಿ, ಈಗ ತೊಂಬತ್ತು ಸೀಟಿನ ಜೆಟ್ಟನ್ನು ಒಂದು ಗೀರೂ ಬೀಳದಂತೆ ಇಳಿಸುತ್ತಿದ್ದ ಮನುಷ್ಯ. ಈ ಗುಣವನ್ನು ಕಟ್ಟಿಕೊಂಡು ಮನೆಯಲ್ಲಿ ಏಗುವುದು ಮಾತ್ರ ಕಷ್ಟ ಎಂದು ಹೆಂಡತಿ ಬೆಸ್ಸೆ ನೆರೆಹೊರೆಯವರೆದುರೇ ಹೇಳುತ್ತಿದ್ದಳು.

ಐವತ್ತಾರು ತುಂಬಿದ ವರ್ಷ ಅವರ ತಲೆಯಲ್ಲಿ ಹೊಸ ಹುಳವೊಂದು ಹೊಕ್ಕಿತು. ಜನ ಬೇಕೆಂದೇ ಮೆಲ್ಲಗೆ ಮಾತಾಡುತ್ತಿದ್ದಾರೆ. ಬೆಸ್ಸೆ ಗೊಣಗುತ್ತಾಳೆ. ಬ್ಯಾಂಕಿನವಳು ಗೊಣಗುತ್ತಾಳೆ. ಎಲ್ಲರಿಗಿಂತ ಹೆಚ್ಚಾಗಿ ಗೊಣಗುವವಳು ಅವರ ಕೋಪೈಲಟ್ ವೊನ್ನಿ ರುಮೆಂಗಾನ್.

ವೊನ್ನಿ ಮನಾಡೊ ಕಡೆಯ ಹುಡುಗಿ, ಮೂವತ್ತೊಂದು ವಯಸ್ಸು, ಕೆಲಸದಲ್ಲಿ ಚುರುಕು. ಇನ್ನೆರಡು ತಿಂಗಳಿಗೆ ಕ್ಯಾಪ್ಟನ್ ತರಬೇತಿಗೆ ಹೋಗುವವಳು. ಮನಾಡೊದವರು ಬಾಯಿ ತೆರೆದರೆ ಪಕ್ಕದ ಬೀದಿಗೂ ಕೇಳುತ್ತದೆ ಎಂದು ಎಲ್ಲರೂ ತಮಾಷೆ ಮಾಡುವಾಗ, ಇವಳೊಬ್ಬಳು ಕಾಕ್‌ಪಿಟ್ಟಿನಲ್ಲಿ ಕೂತ ಕೂಡಲೇ ದನಿ ತಗ್ಗಿಸುವುದು ಏಕೆ? ಕ್ಯಾಪ್ಟನ್ನರಿಗೆ ಉತ್ತರ ಹೊಳೆದಿತ್ತು. ಮುಂದಿನ ತಿಂಗಳು ತಮ್ಮ ವೈದ್ಯಕೀಯ ತಪಾಸಣೆ. ಎರಡು ವರ್ಷಕ್ಕೊಮ್ಮೆ ಬರುವ ಕಿವಿ ಪರೀಕ್ಷೆ ಈ ಸಲ ಇದೆ. ಮುದುಕನಿಗೆ ಕಿವಿ ಕೇಳುವುದಿಲ್ಲ ಎಂದು ಯಾರಾದರೂ ಮೊದಲೇ ಸುದ್ದಿ ಹಬ್ಬಿಸಿಬಿಟ್ಟರೆ ಕ್ಯಾಪ್ಟನ್ ಕೂರುವ ಎಡಗಡೆಯ ಸೀಟು ಖಾಲಿ. ಖಾಲಿ ಸೀಟಿಗೆ ಯಾರು ಬರುತ್ತಾರೆ ಎಂದು ಬೇರೆ ಹೇಳಬೇಕೆ?

ಕೆಂಡಾರಿಗೆ ಇಳಿಯುವಾಗ ನಡೆದದ್ದು ಇದು.

"ನಾಲ್ಕು ಸಾವಿರ, ಕ್ಯಾಪ್ಟನ್," ಎಂದಳು ವೊನ್ನಿ.

"ಏನು?"

"ನಾಲ್ಕು ಸಾವಿರ ಅಡಿ." ಅಷ್ಟು ಹೇಳಿ ಅವರ ಕಣ್ಣ ಮುಂದೆ ನಾಲ್ಕು ಬೆರಳು ಹಿಡಿದಳು.

"ನನಗೆ ಎಣಿಸೋದು ಕಲಿಸ್ತಿದೀಯಾ? ಬಾಯಿ ಬಿಟ್ಟು ಮಾತಾಡು."

"ಎರಡು ಸಲ ಹೇಳ್ದೆ ಕ್ಯಾಪ್ಟನ್."

"ನಿನ್ನ ಹೊಟ್ಟೆಯೊಳಗೆ ಹೇಳ್ಕೊಂಡಿರ್ಬೇಕು."

ಇಳಿದ ಮೇಲೆ ಅವಳು, ಮುಖದಲ್ಲಿ ಏನೂ ತೋರಿಸದೆ, "ಕ್ಯಾಪ್ಟನ್, ನಿಮ್ಮ ಹೆಡ್‌ಸೆಟ್ ತುಂಬಾ ಹಳೇದು. ಕೋ ಹೆಂಗ್ಕಿ ಅಂಗಡೀಲಿ ಹಗುರವಾದ್ದು ಬಂದಿದೆಯಂತೆ. ಒಂದು ಸಲ ನೋಡಿ," ಎಂದಳು. ಹಳೆಯದು ಎಂದದ್ದು ಹೆಡ್‌ಸೆಟ್ಟಿಗೋ ತಮಗೋ ಎಂದು ಕ್ಯಾಪ್ಟನ್ನರು ಹೋಟೆಲು ಮುಟ್ಟುವವರೆಗೂ ಯೋಚಿಸಿದರು.

ಗುರುವಾರ ಮಕಾಸ್ಸರಿಗೆ ಮರಳಿದವರೇ ಅವಳ ಮೇಲೆ ಟಿಪ್ಪಣಿ ಬರೆದುಕೊಟ್ಟರು: ಕಾಕ್‌ಪಿಟ್ಟಿನಲ್ಲಿ ಮಾತು ಸ್ಪಷ್ಟವಿಲ್ಲ. ಅವಳ ಮೇಲೆ ಅವರು ಬರೆದದ್ದರಲ್ಲಿ ಇದು ಮೂರನೆಯದು. ಕಂಪನಿಯ ನಿಯಮದಂತೆ ಒಬ್ಬ ಕೋಪೈಲಟ್ ಮೇಲೆ ಮೂರು ಟಿಪ್ಪಣಿ ಬಿದ್ದರೆ ಸಮಿತಿ ಕೂರುತ್ತದೆ, ಕ್ಯಾಪ್ಟನ್ ತರಬೇತಿ ಎರಡು ವರ್ಷ ಮುಂದಕ್ಕೆ ಹೋಗುತ್ತದೆ. ಸಮಿತಿ ಸೋಮವಾರ ಬೆಳಿಗ್ಗೆ ಹತ್ತಕ್ಕೆ. ಕ್ಯಾಪ್ಟನ್ನರಿಗೆ ಸ್ವಲ್ಪ ಹೊಟ್ಟೆ ತಣ್ಣಗಾಯಿತು. ಪೂರ್ತಿ ಆಗಲಿಲ್ಲ. ಅವಳು ಹೆಡ್‌ಸೆಟ್ಟಿನ ಮಾತು ಎತ್ತಿದ್ದೇಕೆ? ಇದರ ಹಿಂದೆ ಏನೋ ಇದೆ, ಅದೇನೆಂದು ನೋಡಿಯೇಬಿಡೋಣ ಎಂದು ಶನಿವಾರ ತಮ್ಮ ಹಳೆಯ ಹೆಡ್‌ಸೆಟ್ಟನ್ನು ಚೀಲಕ್ಕೆ ಹಾಕಿಕೊಂಡು ಹೊರಟರು. ನಿಜ ಹೇಳಬೇಕೆಂದರೆ ಹೊಸದೊಂದು ಬೇಕೂ ಆಗಿತ್ತು. ಹಳೆಯದು ಕನ್ನಡಕದ ಕಡ್ಡಿಯನ್ನು ಕಿವಿಯ ಮೇಲೆ ಒತ್ತಿ ಒತ್ತಿ, ದಿನದ ಮೂರನೆಯ ಹಾರಾಟದ ಹೊತ್ತಿಗೆ ಕಣತಲೆ ಸಿಡಿಯುತ್ತಿತ್ತು.

ಹೆಂಗ್ಕಿಯ ಅಂಗಡಿ ವಿಮಾನ ನಿಲ್ದಾಣದ ರಸ್ತೆಯಲ್ಲಿ, ಔಷಧಿ ಅಂಗಡಿಯ ಮಹಡಿಯ ಮೇಲೆ. ಪೈಲಟ್ಟುಗಳ ಭುಜಪಟ್ಟಿ, ಕಪ್ಪು ಬೂಟು, ಹೆಡ್‌ಸೆಟ್ಟು ಬಿಟ್ಟು ಬೇರೇನೂ ಇಡದ ಅಂಗಡಿ. ಚೀನೀ ಮನೆತನದ ಅಣ್ಣಂದಿರನ್ನು ಕರೆಯುವಂತೆ ಇಡೀ ನಿಲ್ದಾಣವೇ ಅವನನ್ನು ಕೋ ಎಂದು ಕರೆಯುತ್ತಿತ್ತು. ಅವನು ಮೊದಲು ಮಾಡುವ ಕೆಲಸ ಕುರ್ಚಿ ಹಾಕುವುದು.

"ಕೂತ್ಕೊಳ್ಳಿ ಕ್ಯಾಪ್ಟನ್. ಐದು ನಿಮಿಷಕ್ಕೆ ಎಲ್ಲಾ ಹೆಡ್‌ಸೆಟ್ಟೂ ಹಿತವಾಗೇ ಇರುತ್ತೆ. ಅರ್ಧ ಗಂಟೆ ಹಾಕ್ಕೊಂಡು ಕೂತ್ರೆ ಅದರ ಬಣ್ಣ ಬಯಲಾಗುತ್ತೆ."

ಅರ್ಧ ಗಂಟೆ ಕೂರಿಸಿ, ಚಹಾ ಕುಡಿಸಿ, ಮುಲಾಜಿಗೆ ಬೀಳಿಸುವ ಉಪಾಯ ಎಂದುಕೊಂಡರು ಕ್ಯಾಪ್ಟನ್. ಚಹಾ ಬೇಡವೆಂದರು.

"ವೊನ್ನಿಗೆ ಎಷ್ಟು ಕಮಿಷನ್ ಕೊಡ್ತೀಯಾ ಕೋ?"

"ಯಾವ ವೊನ್ನಿ?"

"ನನ್ನ ಕೋಪೈಲಟ್. ಅವಳೇ ಕಳಿಸಿದ್ದು."

"ಓ, ಆ ಮನಾಡೊ ಹುಡುಗೀನಾ? ಬಂದಿದ್ಲು ಹೋದ ತಿಂಗಳು. ಅವಳಿಗಲ್ಲ, ಕನ್ನಡಕ ಹಾಕೋರಿಗೆ ಯಾವುದು ಒತ್ತಲ್ಲ ಅಂತ ವಿಚಾರಿಸ್ಕೊಂಡು ಹೋದ್ಲು. ಒಂದು ಭುಜಪಟ್ಟೀನೂ ಕೊಳ್ಳಲಿಲ್ಲ. ಅಂಥವರಿಗೆ ನಾನು ಏನು ಕೊಡ್ಲಿ?"

ಕ್ಯಾಪ್ಟನ್ನರ ಅನುಮಾನ ಇನ್ನಷ್ಟು ಬಲಿಯಿತು. ಪುಕ್ಕಟೆ ಕಾಳಜಿ ತೋರಿಸುವವರನ್ನು ಅವರು ಹೆಚ್ಚು ಹೆದರಿಕೆಯಿಂದ ನೋಡುತ್ತಿದ್ದರು.

ಹೆಂಗ್ಕಿ ಸ್ಪೀಕರಿನಲ್ಲಿ ಕಾಕ್‌ಪಿಟ್ಟಿನ ಸದ್ದು ಹಾಕಿದ. ವಿಮಾನದ ಮೂತಿಗೆ ಗಾಳಿ ಉಜ್ಜುವ ಆ ಒಂದೇ ಸಮನೆಯ ಭೋರ್ಗರೆತ ಅಂಗಡಿ ತುಂಬಿತು. ಮೊದಲ ಹೆಡ್‌ಸೆಟ್ಟು ಹತ್ತೇ ನಿಮಿಷಕ್ಕೆ ತಲೆಯನ್ನು ಇಕ್ಕಳದ ಹಾಗೆ ಹಿಡಿಯಿತು. ಎರಡನೆಯದು ಹಕ್ಕಿಯಷ್ಟು ಹಗುರ, ಆದರೆ ಅದರ ಮೆತ್ತೆ ಕಿವಿಯನ್ನು ಸುತ್ತುವರಿಯದೆ ಕಿವಿಯ ಮೇಲೇ ಕೂತು ಸುಡತೊಡಗಿತು. ಮೂರನೆಯದು ಸದ್ದು ನುಂಗುವ ಜಾತಿಯದು. ಗುಂಡಿ ಒತ್ತಿದ ಕೂಡಲೇ ಭೋರ್ಗರೆತ ಎಲ್ಲೋ ದೂರ ಹೋಯಿತು. ಕನ್ನಡಕ ಇದೆಯೆಂಬುದೇ ಮರೆತುಹೋಯಿತು. ಅರ್ಧ ಗಂಟೆ ಕಳೆದರೂ ಕಣತಲೆ ತಣ್ಣಗೇ ಇತ್ತು.

"ಇಷ್ಟು ಹಿತ ಒಳ್ಳೇದಲ್ಲ," ಎಂದರು ಕ್ಯಾಪ್ಟನ್. "ಎಂಜಿನ್ನು ಏನಾದ್ರೂ ಕೂಗಿದ್ರೆ ನನಗೆ ಗೊತ್ತಾಗೋದು ಹೇಗೆ?"

"ಕೂಗಿದ್ರೆ ಇದು ಒಳಗೆ ಬಿಡುತ್ತೆ ಕ್ಯಾಪ್ಟನ್, ಪಿಸುಗುಟ್ಟಿದ್ರೆ ಬಿಡಲ್ಲ. ಎಲ್ಲಿ, ನಿಮ್ಮ ಹಳೇದು ಕೊಡಿ. ಬಾಯಿಮಾತಿಗಿಂತ ಹಳೇ ಹೆಡ್‌ಸೆಟ್ಟು ಚೆನ್ನಾಗಿ ಹೇಳುತ್ತೆ."

ಹೆಂಗ್ಕಿ ಹಳೆಯದನ್ನು ಬೆಳಕಿಗೆ ಹಿಡಿದು ತಿರುಗಿಸಿದ. ಎಡಗಿವಿಯ ಮೆತ್ತೆ ಬೆವರು ಕುಡಿದು ಬಿರುಕು ಬಿಟ್ಟು, ಒಳಗಿನ ಹಳದಿ ಸ್ಪಂಜು ಇಣುಕುತ್ತಿತ್ತು. ಬಲಗಿವಿಯ ಮೆತ್ತೆಯ ಹೊಳಪೂ ಮಾಸಿರಲಿಲ್ಲ.

"ಎಷ್ಟು ವರ್ಷದಿಂದ ಎಡಗಡೆ ಸೀಟು?"

"ಹದಿನೆಂಟು."

"ಬಲಗಿವಿ ಮುಚ್ಚೋದೇ ಇಲ್ಲ ಅಲ್ವಾ?"

ಅದರಲ್ಲಿ ಕೇಳುವುದೇನಿದೆ? ಕ್ಯಾಪ್ಟನ್ನಿನ ಬಲಗಡೆ ಕೋಪೈಲಟ್ ಕೂತಿರುತ್ತಾನೆ. ಅವನ ಮಾತು ನೇರವಾಗಿ ಕೇಳಲೆಂದು ಬಲಗಡೆಯ ಮೆತ್ತೆಯನ್ನು ಕಿವಿಯ ಹಿಂದಕ್ಕೆ ತಳ್ಳಿಕೊಳ್ಳುವುದು ಮಪ್ಪಿಯಾಸೆಯವರ ಪೀಳಿಗೆಯ ಕ್ಯಾಪ್ಟನ್ನರೆಲ್ಲರ ರೂಢಿ. ಎರಡೂ ಕಿವಿ ಮುಚ್ಚಿಕೊಂಡವನನ್ನು ಹೊಸಬನೆಂದು ನಗುತ್ತಿದ್ದರು. ಇವರೂ ನಕ್ಕಿದ್ದರು.

"ನಾನು ಡಾಕ್ಟರಲ್ಲ ಕ್ಯಾಪ್ಟನ್," ಎಂದ ಹೆಂಗ್ಕಿ. ದನಿಯಲ್ಲಿ ವ್ಯಾಪಾರ ಇರಲಿಲ್ಲ. "ಆದ್ರೆ ಇಂಥ ಹೆಡ್‌ಸೆಟ್ಟು ಏಳೆಂಟು ನೋಡಿದೀನಿ. ಈ ಹಳೇದನ್ನೇ ವಿಮಾನದಲ್ಲಿ ಹಾಕ್ಕೊಳ್ಳೋ ಹಾಗೇ ಹಾಕ್ಕೊಳ್ಳಿ. ನಾನು ಕೋಪೈಲಟ್ ಜಾಗದಲ್ಲಿ ನಿಂತು ಮಾತಾಡ್ತೀನಿ. ನನ್ನ ಕಡೆ ನೋಡಬೇಡಿ."

ಕ್ಯಾಪ್ಟನ್ನರು ಬಲಮೆತ್ತೆ ಹಿಂದಕ್ಕೆ ತಳ್ಳಿ, ಎದುರಿನ ಗೋಡೆ ನೋಡುತ್ತ ಕೂತರು. ಭೋರ್ಗರೆತ ನಡೆದೇ ಇತ್ತು. ಕಾದರು. ಇನ್ನೂ ಕಾದರು.

"ಶುರು ಮಾಡಯ್ಯ," ಎಂದರು.

ತಿರುಗಿದರೆ ಹೆಂಗ್ಕಿ ಕೈಕಟ್ಟಿ ನಿಂತಿದ್ದ. "ಆರು ಸಂಖ್ಯೆ ಹೇಳ್ದೆ ಕ್ಯಾಪ್ಟನ್."

"ಸುಳ್ಳು."

ಹೆಂಗ್ಕಿ ವಾದ ಮಾಡಲಿಲ್ಲ. ಎಡಗಡೆಗೆ ಬಂದು, ಆ ಕಡೆಯ ಮೆತ್ತೆ ಸರಿಸಿ, ಅಷ್ಟೇ ದನಿಯಲ್ಲಿ ಹೇಳಿದ. ಮೂರು, ಒಂಬತ್ತು, ಏಳು. ಗಂಟೆ ಬಾರಿಸಿದಷ್ಟು ಸ್ಪಷ್ಟವಾಗಿ ಕೇಳಿತು. ಇದೂ ಅವನ ಆಟವೇ, ಆ ಕಡೆ ತುಟಿ ಮಾತ್ರ ಆಡಿಸಿದ್ದಾನೆ ಎಂದುಕೊಂಡ ಕ್ಯಾಪ್ಟನ್ನರು ಹೆಡ್‌ಸೆಟ್ಟು ಕಿತ್ತಿಟ್ಟು, ಸ್ಪೀಕರು ಆರಿಸಲು ಹೇಳಿ, ತಮ್ಮದೇ ಎರಡು ಬೆರಳನ್ನು ಎಡಗಿವಿಯ ಬಳಿ ಉಜ್ಜಿದರು. ಸರಸರ ಕೇಳಿತು. ಬಲಗಿವಿಯ ಬಳಿ ಉಜ್ಜಿದರು. ಇನ್ನೂ ಜೋರಾಗಿ ಉಜ್ಜಿದರು. ಬೆರಳು ಬಿಸಿಯಾಯಿತು, ಸದ್ದು ಬರಲಿಲ್ಲ.

ಬೆರಳು ಅವರವೇ. ಯಾರ ಮೇಲೆ ಅನುಮಾನ ಪಡುವುದು? ಅವರಿಗೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಸೋಮವಾರದ ಸಮಿತಿ ನೆನಪಾಯಿತು.

ಹೆಂಗ್ಕಿ ಕೊನೆಗೆ ಚಹಾ ತಂದಿಟ್ಟ. "ಹದಿನೆಂಟು ವರ್ಷದ ಭೋರ್ಗರೆತ ಆ ಮುಚ್ಚದ ಕಿವಿಗೇ ಬಿದ್ದಿದೆ. ಈ ಹೊಸ ಹೆಡ್‌ಸೆಟ್ಟಲ್ಲಿ ಎರಡು ಕಿವಿಗೂ ಬೇರೆ ಬೇರೆ ವಾಲ್ಯೂಮ್ ಇದೆ," ಎಂದ, ಕಣ್ಣು ತಪ್ಪಿಸಿ. "ಬಲಗಡೆ ಜಾಸ್ತಿ ಇಟ್ಕೊಂಡು ಕೆಲವರು ವರ್ಷ ಎರಡು ವರ್ಷ ತಳ್ತಾರೆ. ಕಿವಿ ಪರೀಕ್ಷೆಗೂ ಏನೇನೋ ದಾರಿ ಹುಡುಕ್ತಾರೆ. ನಾನು ಹೇಳ್ದೆ ಅಂತ ಎಲ್ಲೂ ಹೇಳ್ಬೇಡಿ."

ಕ್ಯಾಪ್ಟನ್ನರು ಚಹಾ ಕುಡಿದರು. ಆ ಹೊಸ ಹೆಡ್‌ಸೆಟ್ಟನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ಮೂವತ್ತು ವರ್ಷದಲ್ಲಿ ಅಷ್ಟು ಹಿತವಾದದ್ದು ತಲೆಯ ಮೇಲೆ ಕೂತಿರಲಿಲ್ಲ. ಇದನ್ನು ಕೊಂಡು ಬಾಯಿ ಮುಚ್ಚಿಕೊಂಡರೆ ಸೀಟು ಉಳಿಯುತ್ತದೆ. ಆದರೆ ಮಾತು ಸ್ಪಷ್ಟವಿಲ್ಲವೆಂದು ಸಹಿ ಹಾಕಿಕೊಟ್ಟ ಆ ಮೂರು ಕಾಗದ ಸುಳ್ಳು. ಅದನ್ನು ಸುಳ್ಳೆಂದು ಹೇಳಬೇಕಾದರೆ ನಿಜ ಏನೆಂದೂ ಹೇಳಬೇಕು. ಹೆಡ್‌ಸೆಟ್ಟು ಕೊಳ್ಳದೆಯೇ ಮನೆಗೆ ಬಂದ ಅವರು ಎರಡು ದಿನ ಬೆಸ್ಸೆಯ ಜೊತೆ ಜಗಳವಾಡಲಿಲ್ಲ. ಅವಳು ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡಿದಳು.

ಸೋಮವಾರ ಒಂಬತ್ತೂವರೆಗೆ ಅವರು, ಎಲ್ಲರೂ ಗೌರವಕ್ಕೆ ಪಾಕ್ ಎಂದು ಕರೆಯುವ ಮುಖ್ಯ ಪೈಲಟ್ ಲುಕಾಸರ ಕೋಣೆಯಲ್ಲಿದ್ದರು.

"ವೊನ್ನಿ ಮೇಲಿನ ಮೂರು ಟಿಪ್ಪಣಿ ವಾಪಸ್ ತಗೋಬೇಕು ಪಾಕ್."

"ಸುಮ್ಮನೆ ವಾಪಸ್ ಆಗಲ್ಲ ಕ್ಯಾಪ್ಟನ್, ನಿಮಗೇ ಗೊತ್ತು. ಕಾರಣ ಬರೀಬೇಕು."

ಕ್ಯಾಪ್ಟನ್ನರು ನಿಂತೇ ಬರೆದರು: ಕೋಪೈಲಟ್ ಮಾತು ಸ್ಪಷ್ಟವಾಗಿದೆ. ನನ್ನ ಬಲಗಿವಿ ಕೇಳುವುದಿಲ್ಲ. ಇನ್ನೂ ಏನಾದರೂ ಸೇರಿಸೋಣವೆಂದು ಪೆನ್ನು ಹಿಡಿದು ಯೋಚಿಸಿ, ಸೇರಿಸಲು ಏನೂ ಇಲ್ಲದ್ದರಿಂದ ಸಹಿ ಹಾಕಿದರು. ಪಾಕ್ ಲುಕಾಸ್ ಎರಡು ಸಲ ಓದಿದರು. ಆಮೇಲೆ ಎದ್ದು ಬಾಗಿಲು ಮುಚ್ಚಿ ಬಂದು, ಆ ವಾರದ ಹಾರಾಟದ ಪಟ್ಟಿಯಲ್ಲಿ ಮಪ್ಪಿಯಾಸೆಯವರ ಹೆಸರಿನ ಮೇಲೆ ಗೆರೆ ಎಳೆದರು. ತಪಾಸಣೆ ಮುಗಿಯುವವರೆಗೆ ಎಂದರು. ತಪಾಸಣೆಯ ಮೇಲೆ ಆ ಹೆಸರು ಮತ್ತೆ ಪಟ್ಟಿಗೆ ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಹೊರಗೆ ಬೆಂಚಿನ ಮೇಲೆ ವೊನ್ನಿ ಸಮಿತಿಗಾಗಿ ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ ಕೂತಿದ್ದಳು. ಕ್ಯಾಪ್ಟನ್ನರು ಅವಳ ಬಲಗಡೆ ಹೋಗಿ ಕೂತರು. ಈಗ ಅವಳಿದ್ದದ್ದು ಅವರ ಎಡಕ್ಕೆ.

"ಸಮಿತಿ ಇಲ್ಲ. ಮನೆಗೆ ಹೋಗು," ಎಂದರು. ಆಮೇಲೆ, "ನನ್ನ ಕಿವಿ ವಿಷಯ ನಿನಗೆ ಗೊತ್ತಿತ್ತಾ?"

"ನಾಲ್ಕು ತಿಂಗಳಿಂದ."

"ಮತ್ತೆ ಯಾಕೆ ಬರೆದುಕೊಡ್ಲಿಲ್ಲ?"

"ಬರೀಬೇಕಿತ್ತು. ತಪ್ಪು ಮಾಡ್ದೆ. ಇವತ್ತು ಸಮಿತಿ ಮುಂದೆ ಹೇಳೋದು ಅಂತಾನೇ ಬಂದಿದ್ದೆ."

ಅವರು ನೆಲ ನೋಡಿದರು. "ನನ್ನ ಮೇಲೆ ಕೋಪ ಇಲ್ವಾ?"

"ಇದೆ ಕ್ಯಾಪ್ಟನ್. ತುಂಬಾ ಇದೆ."

ಒಂದೊಂದು ಅಕ್ಷರವೂ ಕೇಳಿತು. ಆ ಮಾತಿನ ಹಿಂದೆ ಏನಿದೆ ಎಂದು ಕ್ಯಾಪ್ಟನ್ ಮಪ್ಪಿಯಾಸೆ ಹುಡುಕಲಿಲ್ಲ. ಅವಳು ಹೇಳಿದ್ದನ್ನು ಹೇಳಿದ ಹಾಗೇ ನಂಬಿ, ತಲೆಯಾಡಿಸಿ, ಅವಳು ಎದ್ದು ಹೋಗುವವರೆಗೂ ಅಲ್ಲೇ ಕೂತಿದ್ದರು.